ಬದು ಇಲ್ಲದ ನೆಲ

ಕಳೆದ ಜೂನ್‌ನಲ್ಲಿ ಅಪ್ಪ ಊರಿಂದ ಅಮೆರಿಕಕ್ಕೆ, ನನ್ನಲ್ಲಿಗೆ ಬಂದಿದ್ದ. ರೋಣ ತಾಲ್ಲೂಕಿನ ಎರೆ ಹೊಲದಲ್ಲಿ ಐವತ್ತು ವರ್ಷ ಜೋಳ, ಕಡಲೆ ಬೆಳೆದವನಿಗೆ ಮಿನಿಯಾಪೊಲಿಸ್‌ನ ಮಾಲ್ ತೋರಿಸಿ ಏನು ಮಾಡಲಿ? ರಜೆ ಹಾಕಿ ಅವನನ್ನು ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋದೆ. ಸುಮಾರು ಎಂಟು ತಾಸಿನ ದಾರಿ. ಕೊನೆಕೊನೆಗೆ ಎತ್ತ ನೋಡಿದರೂ ಹುಲ್ಲು.

ಆ ಹುಲ್ಲು ಒಂದು ಕಡೆ ಥಟ್ಟನೆ ಮುಗಿಯುತ್ತದೆ. ಅದರಾಚೆ ನೆಲವೆಲ್ಲ ಸೀಳಿ, ಕೊರೆದು, ಗೋಪುರ ಗೋಪುರವಾಗಿ ನಿಂತಿದೆ. ಬೂದಿ ಬಣ್ಣ, ನಡುನಡುವೆ ಇಟ್ಟಿಗೆ ಕೆಂಪಿನ ಪಟ್ಟೆ. ನಾನು ಅಪ್ಪನ ಮುಖ ನೋಡಿದೆ. ಖುಷಿಯಾದಂತೆ ಕಾಣಲಿಲ್ಲ.

“ಎಷ್ಟು ಮಣ್ಣು ಕೊಚಗೊಂಡು ಹೋಗೈತೋ ತಮ್ಮಾ! ಬದು ಹಾಕೋರು ಯಾರೂ ಇರಲಿಲ್ಲೇನು?”

ಓದಿಕೊಂಡಿದ್ದನ್ನು ಹೇಳಿದೆ. ತಳದ ಕಪ್ಪು ಪದರ ಏಳೂವರೆ ಕೋಟಿ ವರ್ಷ ಹಿಂದೆ ಇಲ್ಲಿದ್ದ ಸಮುದ್ರದ ಕೆಸರು. ಅದರ ಮೇಲೆ ನದಿಗಳು ತಂದ ಹೂಳು, ಪಶ್ಚಿಮದ ಜ್ವಾಲಾಮುಖಿಗಳಿಂದ ಗಾಳಿಯಲ್ಲಿ ಬಂದ ಬೂದಿ. ಕೊರೆತ ಶುರುವಾಗಿ ಸುಮಾರು ಐದು ಲಕ್ಷ ವರ್ಷವಾಯಿತು. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಇಂಚು ಸವೆಯುತ್ತಿದೆ. ಇನ್ನೈದು ಲಕ್ಷ ವರ್ಷಕ್ಕೆ ಇದ್ಯಾವುದೂ ಇರುವುದಿಲ್ಲ. ಅಪ್ಪ ಕೇಳಿದ್ದು ಒಂದೇ: “ಮಣ್ಣು ಎಲ್ಲಿಗೆ ಹೊಕ್ಕೈತಿ?” ವೈಟ್ ರಿವರ್‌ಗೆ, ಅಲ್ಲಿಂದ ಮಿಸೌರಿ ನದಿಗೆ ಎಂದೆ. ಈ ಮಣ್ಣಿನಿಂದಲೇ ವೈಟ್ ರಿವರ್ ಹೊಳೆಯ ನೀರು ಬೆಳ್ಳಗೆ. ಹೆಸರು ಬಂದದ್ದೂ ಹಾಗೆ.

ಹಿಂದಿನ ರಾತ್ರಿ ಮಳೆಯಾಗಿತ್ತು. ಡೋರ್ ಟ್ರೇಲ್‌ನಲ್ಲಿ ಮರದ ಹಲಗೆಯ ದಾರಿ ಮುಗಿದ ಮೇಲೆ ನಾಲ್ಕು ಹೆಜ್ಜೆ ಇಟ್ಟಿದ್ದೇ ತಡ, ಬೂಟಿನಡಿ ಸೇರುಗಟ್ಟಲೆ ಮಣ್ಣು ಅಂಟಿತು. ಅಪ್ಪನ ಮುಖ ಆಗ ಅರಳಿತು. ಕುಕ್ಕರಗಾಲಲ್ಲಿ ಕೂತು ಚೂರು ಮಣ್ಣು ತೆಗೆದು ಬೆರಳಲ್ಲಿ ಮಿದ್ದ. “ನಮ್ಮ ಎರಿ ಮಣ್ಣಿನ ಜಾತಿನ ಇದು!” ಅವನು ಹೇಳಿದ್ದು ನಿಜ. ಬೂದಿ ಕೊಳೆತು ಆದ ಇಲ್ಲಿನ ಜೇಡಿಯೂ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಒಣಗಿದ ದಿಬ್ಬಗಳ ಮೈ ಪಂಚಮಿಗೆ ಹುರಿದ ಜೋಳದ ಅರಳಿನಂತಿತ್ತು. ನಾನು ಮೂರು ಸಲ ಈ ಪಾರ್ಕಿಗೆ ಬಂದವನು, ಒಮ್ಮೆಯೂ ಬಗ್ಗಿ ಮುಟ್ಟಿರಲಿಲ್ಲ.

“ಈ ಹೊಲ ಯಾರದು?” ಎಂದು ಕೇಳಿದ. ಅವನಿಗೆ ಯಾವ ನೆಲವಾದರೂ ಹೊಲವೇ. ಇಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನ ಇದನ್ನು ‘ಮಾಕೊ ಶೀಚಾ’ ಎಂದರು, ಕೆಟ್ಟ ನೆಲ ಅಂತ. ಆದರೂ ಅವರಿಗೆ ಅದು ತಮ್ಮ ನೆಲವೇ. 1942ರಲ್ಲಿ ಯುದ್ಧದ ಬಾಂಬ್ ತಾಲೀಮಿಗೆಂದು ಅವರಿಗೆಂದು ಮೀಸಲಿಟ್ಟಿದ್ದ ಪೈನ್ ರಿಡ್ಜ್ ಸೀಮೆಯ ಮೂರು ಲಕ್ಷ ಎಕರೆಗೂ ಮಿಕ್ಕಿ ಜಾಗವನ್ನು ಸರ್ಕಾರ ತೆಗೆದುಕೊಂಡಿತು. ನೂರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಏಳಬೇಕಾಯಿತು. ಪಾರ್ಕಿನ ದಕ್ಷಿಣ ಭಾಗ ಇವತ್ತಿಗೂ ಇರುವುದು ಲಕೋಟಾಗಳದೇ ಒಂದು ಪಂಗಡವಾದ ಓಗ್ಲಾಲಾ ಜನರ ನೆಲದಲ್ಲಿ. ಚಂದ ನೋಡಲು ಬರುವ ನಾವು ಇದನ್ನು ತಿಳಿದೇ ಬರಬೇಕು ಅನ್ನಿಸುತ್ತದೆ ನನಗೆ. ಕೆಟ್ಟ ನೆಲವಾದರೂ ಎಬ್ಬಿಸಿದ ಮೇಲೆ ಹೊಟ್ಟೆ ಉರಿಯದೆ ಇರುತ್ತದೆಯೇ? ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ಹೊರಳಿ ಬರುವಾಗ ಒಂದು ಕಡೆ ನಿಂತ. ಸುತ್ತ ಎಲ್ಲ ಸವೆದು ಹೋಗಿ, ಆಳೆತ್ತರದ ಒಂದು ದಿಬ್ಬ ಮಾತ್ರ ಮೇಜಿನಂತೆ ಉಳಿದಿತ್ತು. ಅದರ ನೆತ್ತಿಯ ಮೇಲೆ ಹುಲ್ಲು.

“ನೋಡು, ಬೇರು ಹಿಡದೈತಿ. ಅದಕ್ಕ ಉಳದೈತಿ.”

ಕೈಯಲ್ಲಿದ್ದ ಮಣ್ಣಿನ ಉಂಡೆಯನ್ನು ಜೇಬಿಗೆ ಹಾಕಲು ಹೋದ. ಇಲ್ಲಿಂದ ಕಲ್ಲು, ಮಣ್ಣು, ಮೂಳೆ ಏನನ್ನೂ ಒಯ್ಯುವಂತಿಲ್ಲ ಎಂದೆ. “ಹೌದನ, ಚಲೋ ಕಾಯ್ದೆ,” ಎಂದವನೇ ಉಂಡೆಯನ್ನು ಆ ದಿಬ್ಬದ ಬುಡದಲ್ಲಿಟ್ಟ. ಆಮೇಲೆ ಕಡ್ಡಿಯೊಂದನ್ನು ಹುಡುಕಿ ತನ್ನ ಬೂಟಿನದು, ನನ್ನ ಬೂಟಿನದು ಎಲ್ಲ ಮಣ್ಣನ್ನೂ ಅಲ್ಲೇ ಕೆರೆದು ಹಾಕಿ, ಬದುವಿಗೆ ಮಣ್ಣೇರಿಸಿದಾಗ ಮಾಡುವಂತೆ ಅಂಗೈಯಿಂದ ಎರಡು ಸಲ ತಟ್ಟಿದ.