ನಿಧಾನವಾದ ಲ್ಯಾಪ್‌ಟಾಪ್: ಸ್ಕ್ರೂ ಬಿಚ್ಚುವ ಮುಂಚಿನ ಅರ್ಧ ಗಂಟೆ

ಪವರ್ ಬಟನ್ ಒತ್ತಿ ನಾಲ್ಕು ನಿಮಿಷವಾಗಿತ್ತು. ಐಕಾನ್‌ಗಳು ಇನ್ನೂ ಒಂದೊಂದಾಗಿ ಮೂಡುತ್ತಿದ್ದವು. ಎಂಟನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ‘ಇದನ್ನೇ ಸರಿ ಮಾಡೋದಾ, ಹೊಸದು ತಗೊಳ್ಳೋದಾ?’ ಎಂಬ ಪ್ರಶ್ನೆಯೊಂದಿಗೇ ಆ ಲ್ಯಾಪ್‌ಟಾಪ್ ರಿಪೇರಿ ಮೇಜಿಗೆ ಬಂದಿತ್ತು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದರೆ ಅರ್ಧ ಉತ್ತರ ಅಲ್ಲೇ ಇತ್ತು: ಸಿಪಿಯು ಶೇ 18, ಮೆಮೊರಿ (ರ‍್ಯಾಮ್) ಶೇ 86, ಡಿಸ್ಕ್ ಶೇ 100. ತಮಾಷೆ ನೋಡಿ, ಡಿಸ್ಕ್ ಉಸಿರುಕಟ್ಟಿ ದುಡಿಯುತ್ತಿದ್ದರೂ ಓದುತ್ತಿದ್ದುದು ಸೆಕೆಂಡಿಗೆ ಬರೀ 2 ಎಂಬಿ. ಹಾರ್ಡ್ ಡಿಸ್ಕ್ ಒಳಗೆ ನಿಮಿಷಕ್ಕೆ 5400 ಸಲ ತಿರುಗುವ ತಟ್ಟೆಗೆ ಒಂದು ಸುತ್ತು ಮುಗಿಸಲು 11 ಮಿಲಿಸೆಕೆಂಡ್ ಬೇಕು. ಬೂಟ್ ಆಗುವಾಗ ವಿಂಡೋಸ್ ಕೇಳುವುದೋ ಅಲ್ಲೊಂದು ಇಲ್ಲೊಂದು ಚದುರಿದ ಸಾವಿರಾರು ಚಿಕ್ಕ ತುಣುಕುಗಳನ್ನು. ಪ್ರತಿಯೊಂದಕ್ಕೂ ಓದುವ ಹೆಡ್ ಸರಿದು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಸೆಕೆಂಡಿಗೆ ನೂರು ಸಿಕ್ಕರೆ ಹೆಚ್ಚು. ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲೇ ಎಲ್ಲವನ್ನೂ ಇಟ್ಟುಕೊಳ್ಳುವ ಎಸ್‌ಎಸ್‌ಡಿಯಲ್ಲಿ ಈ ಲೆಕ್ಕ ಸಾವಿರಗಳಲ್ಲಿ. ಮೇಲಾಗಿ, ರ‍್ಯಾಮ್ ಸಾಲದಾದಾಗ ವಿಂಡೋಸ್ ಒಂದಷ್ಟನ್ನು ಇದೇ ಡಿಸ್ಕ್‌ನ ಪೇಜ್ ಫೈಲ್‌ಗೆ ತಳ್ಳುತ್ತದೆ. ಎರಡು ಕಾಯಿಲೆ, ಲಕ್ಷಣ ಒಂದೇ.

ಅಲ್ಲೇ ಸಿಪಿಯು ವೇಗವನ್ನೂ ನೋಡಿಕೊಳ್ಳಬೇಕು. ಕೆಲಸವಿದ್ದಾಗಲೂ 0.8 ಗಿಗಾಹರ್ಟ್ಸ್ ಮೇಲೇಳದಿದ್ದರೆ ಫ್ಯಾನ್ ಹತ್ತಿರ ದೂಳು ಕಟ್ಟಿರಬಹುದು, ಇಲ್ಲವೇ ಹೊಂದದ ಚಾರ್ಜರ್ ಹಾಕಿರಬಹುದು. ಚಾರ್ಜರ್ ಗುರುತಿಗೆ ಸಿಗದಿದ್ದರೆ ಕೆಲವು ಲ್ಯಾಪ್‌ಟಾಪ್‌ಗಳು ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಅದಕ್ಕೆ ಎಸ್‌ಎಸ್‌ಡಿ ಮದ್ದಲ್ಲ.

ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ‘ಫಾರ್ಮ್ ಫ್ಯಾಕ್ಟರ್’ ಎದುರು ಸೋಡಿಮ್ (ಬಿಚ್ಚಿ ಬದಲಿಸಬಹುದಾದ ರ‍್ಯಾಮ್ ಪಟ್ಟಿ) ಎಂದಿತ್ತು, ಎರಡರಲ್ಲಿ ಒಂದು ಸ್ಲಾಟ್ ಖಾಲಿ. ‘ರೋ ಆಫ್ ಚಿಪ್ಸ್’ ಎಂದಿದ್ದರೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ ಎಂದರ್ಥ. ರ‍್ಯಾಮ್‌ನ ಎರಡು ತಲೆಮಾರುಗಳಾದ ಡಿಡಿಆರ್3, ಡಿಡಿಆರ್4 ಪಟ್ಟಿಗಳಲ್ಲಿ ಕಚ್ಚುಗಳ ಜಾಗ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಎಸ್‌ಎಸ್‌ಡಿ ವಿಷಯದಲ್ಲಿ ಮಾತ್ರ ಕಣ್ಣು ಮೋಸ ಹೋಗುತ್ತದೆ: ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಕಂಡಿತೆಂದು ವೇಗದ ಎನ್‌ವಿಎಂಇ ಬಗೆಯದನ್ನು ತಂದರೆ, ಸ್ಲಾಟ್ ಹಳೆಯ ಸಾಟಾ ಬಗೆಗೆ ಮಾತ್ರದ್ದಾಗಿದ್ದಲ್ಲಿ ಅದು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಚಾಲೂ ಆಗುವ ಮೂಲ ಸೆಟ್ಟಿಂಗ್‌ನಲ್ಲಿ) ಕಾಣುವುದೇ ಇಲ್ಲ. ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ಕೊಳ್ಳಬೇಕು. ಗೊಂದಲ ಬೇಡವೆಂದರೆ ಹಾರ್ಡ್ ಡಿಸ್ಕ್ ಇದ್ದ ಜಾಗಕ್ಕೇ 2.5 ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ.

ಬಿಚ್ಚುವಾಗ ಎರಡು ಸ್ಕ್ರೂ ರಬ್ಬರ್ ಪಾದದಡಿ ಅಡಗಿದ್ದವು. ಅದು ತಿಳಿಯದೆ ಕವರ್ ಎಳೆದವರೇ ಕ್ಲಿಪ್ ಮುರಿಯುವುದು. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಗೀಚಿ ಆಯಾ ಜಾಗದಲ್ಲೇ ಸ್ಕ್ರೂ ಇಟ್ಟುಕೊಳ್ಳಿ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿದರೆ ಮೇಲಿನ ಪ್ಲಾಸ್ಟಿಕ್ ಉಬ್ಬಿ ಬಿರಿಯುತ್ತದೆ. ಕವರ್ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಡಿಸಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ.

ಹಳೇ ವಿಂಡೋಸನ್ನು ಇದ್ದ ಹಾಗೇ ನಕಲಿಸಿ ಕ್ಲೋನ್ ಮಾಡುವುದಕ್ಕಿಂತ 8 ಜಿಬಿ ಪೆನ್‌ಡ್ರೈವ್‌ನಿಂದ ಹೊಸದಾಗಿ ಹಾಕುವುದೇ ಮೇಲು. ಬೋರ್ಡ್ ಬದಲಾಗದ ಕಾರಣ ವಿಂಡೋಸ್ ಲೈಸೆನ್ಸಿನ ಆಕ್ಟಿವೇಶನ್ ಸಾಮಾನ್ಯವಾಗಿ ತಾನೇ ಆಗುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಇದೇ ಜಾಗದಲ್ಲಿ ಸೆಲೆರಾನ್ ಎನ್4020 ಎಂಬ ಅಗ್ಗದ ಪ್ರೊಸೆಸರ್, ಬೆಸುಗೆ ಹಾಕಿದ 4 ಜಿಬಿ ರ‍್ಯಾಮ್, ಬೋರ್ಡಿಗೇ ಅಂಟಿದ 64 ಜಿಬಿಯ ಇಎಂಎಂಸಿ ಸಂಗ್ರಹ ಚಿಪ್ ಇದ್ದಿದ್ದರೆ ಸ್ಕ್ರೂಡ್ರೈವರ್ ಮುಟ್ಟುವ ಮಾತೇ ಇರಲಿಲ್ಲ. ಎರಡೇ ಕೋರ್, ಒಂದು ವಿಡಿಯೊ ಕಾಲ್‌ಗೇ ಸುಸ್ತು. ಅದಕ್ಕೆ ಹಾಕುವ ದುಡ್ಡು ಹೊಸದಕ್ಕೆ ಸೇರಲಿ. ಐ3ಗಳಲ್ಲೂ ಏಳನೇ ತಲೆಮಾರು ಮತ್ತು ಹಿಂದಿನವಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಒಗ್ಗಿಕೊಳ್ಳುವವರಿಗೆ ಮಾತ್ರ ಅಲ್ಲಿ ಎಸ್‌ಎಸ್‌ಡಿ ಲಾಭ.

ಎಸ್‌ಎಸ್‌ಡಿ ಜೊತೆಗೆ ಇನ್ನೊಂದು 4 ಜಿಬಿ ರ‍್ಯಾಮ್ ಕೂತ ಮೇಲೆ ಈ ಲ್ಯಾಪ್‌ಟಾಪ್ ಡೆಸ್ಕ್‌ಟಾಪ್ ತಲುಪಲು ಇಪ್ಪತ್ತು ಸೆಕೆಂಡ್ ಸಾಕಾಯಿತು. ಹೊರಬಂದ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಬ್ಯಾಕಪ್‌ಗೆ ಬಳಸುವ ಯೋಚನೆಯಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ವಿವರ ತೆರೆದರೆ ರೀಅಲೊಕೇಟೆಡ್ ಸೆಕ್ಟರ್, ಅಂದರೆ ಕೆಟ್ಟು ಬದಲಿ ಜಾಗಕ್ಕೆ ಸರಿಸಿದ ತುಣುಕುಗಳ, ಲೆಕ್ಕ ಸೊನ್ನೆಯಲ್ಲ, 40. ಫೋಟೊಗಳನ್ನು ಅವತ್ತೇ ಬೇರೆಡೆ ನಕಲಿಸಿದ್ದಾಯಿತು.