ಮೂರೇ ವರ್ಷ ಬಾಳಿದ ಡ್ರೈವ್-ಇನ್: ಕ್ಯಾಮ್ಡನ್‌ನಿಂದ ಓರ್‌ಫೀಲ್ಡ್‌ಗೆ

ಫಿಲಡೆಲ್ಫಿಯಾದಿಂದ ಬೆಂಜಮಿನ್ ಫ್ರಾಂಕ್ಲಿನ್ ಸೇತುವೆ ದಾಟಿದರೆ ನ್ಯೂಜೆರ್ಸಿಯ ಕ್ಯಾಮ್ಡನ್. ಸೇತುವೆ ಇಳಿದು ಅಡ್ಮಿರಲ್ ವಿಲ್ಸನ್ ಬುಲೆವಾರ್ಡ್‌ನಲ್ಲಿ ಪೂರ್ವಕ್ಕೆ ಹೊರಟರೆ, ಪೆನ್ಸಾಕನ್ ಗಡಿಯ ಹತ್ತಿರ ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೊದಲ ಡ್ರೈವ್-ಇನ್, ಅಂದರೆ ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು ಚಿತ್ರಮಂದಿರದ ಜಾಗ ಸಿಗುತ್ತದೆ. ಪರದೆ, ಗೋಡೆ, ಮಣ್ಣಿನ ದಿಬ್ಬ ಯಾವುದೂ ಉಳಿದಿಲ್ಲ. ವಾಹನಗಳು ಎಡೆಬಿಡದೆ ನುಗ್ಗುವ ಹೆದ್ದಾರಿ ಇದು, ನಡೆದು ನೋಡುವ ರಸ್ತೆಯಲ್ಲ. ಹಗಲಲ್ಲಿ ಕಾರಿನಲ್ಲೇ ಒಮ್ಮೆ ಹಾದುಹೋದರೆ ಸಾಕು. ಪಕ್ಕದ ಏರ್‌ಪೋರ್ಟ್ ಸರ್ಕಲ್‌ನಲ್ಲೂ ಇಂದು ವಿಮಾನ ನಿಲ್ದಾಣವಿಲ್ಲ, ಹೆಸರು ಮಾತ್ರ ಇದೆ.

ಇಲ್ಲಿ 1933ರ ಜೂನ್ 6ರ ರಾತ್ರಿ, ಇದನ್ನು ರೂಪಿಸಿದ ರಿಚರ್ಡ್ ಹಾಲಿಂಗ್ಸ್‌ಹೆಡ್ ಮೊದಲ ಪ್ರದರ್ಶನ ನಡೆಸಿದರು. ಸುಮಾರು 400 ಕಾರು ನಿಲ್ಲುವ ಮೈದಾನ, 40 ಅಡಿಗೆ 50 ಅಡಿಯ ಪರದೆ. ಕಾರಿಗೆ 25 ಸೆಂಟ್, ತಲೆಗೆ 25 ಸೆಂಟ್, ಒಟ್ಟು ಒಂದು ಡಾಲರ್ ಮೀರುವಂತಿಲ್ಲ. ಅಂದರೆ ಮೂವರು ಬಂದರೂ ಒಂದು ಡಾಲರ್, ಮಕ್ಕಳುಮರಿಯೆಲ್ಲ ಸೇರಿ ಆರು ಜನ ಬಂದರೂ ಅಷ್ಟೇ. ಸಂಸಾರವಂದಿಗರನ್ನು ಸೆಳೆಯಲು ಇದಕ್ಕಿಂತ ಜಾಣ ದರಪಟ್ಟಿ ಬೇಕಿರಲಿಲ್ಲ.

ಈ ಯೋಚನೆ ರೂಪುಗೊಂಡ ಊರು ರಿವರ್ಟನ್. ಅಲ್ಲಿಗೆ ಕಾರು ಬೇಕಾಗಿಲ್ಲ. ಫಿಲಡೆಲ್ಫಿಯಾದಿಂದ ಪ್ಯಾಟ್ಕೊ ರೈಲು ಹತ್ತಿ ಕ್ಯಾಮ್ಡನ್‌ನ ವಾಲ್ಟರ್ ರ‍್ಯಾಂಡ್ ನಿಲ್ದಾಣದಲ್ಲಿ ಇಳಿದು, ರಿವರ್ ಲೈನ್ ಎಂಬ ಡೀಸೆಲ್ ಲಘು ರೈಲಿಗೆ ಬದಲಾಯಿಸಿದರೆ ಡೆಲವೇರ್ ನದಿಯ ದಡದ ರಿವರ್ಟನ್‌ನಲ್ಲೇ ಇಳಿಯಬಹುದು. ಹಾಲಿಂಗ್ಸ್‌ಹೆಡ್ ಮನೆ ಇದ್ದದ್ದು ಥಾಮಸ್ ಅವೆನ್ಯೂದಲ್ಲಿ. ಅಲ್ಲಿರುವುದು ಖಾಸಗಿ ವಾಸದ ಮನೆಗಳು, ಹಾಗಾಗಿ ರಸ್ತೆಯಿಂದಲೇ ನೋಡಬೇಕು. ಕಾರಿನ ಬಾನೆಟ್ ಮೇಲೆ 1928ರ ಕೊಡಾಕ್ ಪ್ರೊಜೆಕ್ಟರ್ ಇಟ್ಟು, ಮರಗಳ ನಡುವೆ ಪರದೆ ಕಟ್ಟಿ, ಅದರ ಹಿಂದೆ ರೇಡಿಯೊ ಇಟ್ಟು ಅವರು ಪರೀಕ್ಷೆ ನಡೆಸಿದ್ದು ಇಲ್ಲೇ. ಮಳೆಯಲ್ಲಿ ಚಿತ್ರ ಕಾಣುತ್ತದೆಯೇ ಎಂದು ತಿಳಿಯಲು ಹುಲ್ಲಿಗೆ ನೀರು ಚಿಮುಕಿಸುವ ಸ್ಪ್ರಿಂಕ್ಲರನ್ನು ಕಾರಿನ ಮೇಲೆ ಬಿಟ್ಟರು.

ಎಲ್ಲಕ್ಕಿಂತ ತಲೆನೋವು ತಂದದ್ದು ಮುಂದಿನ ಕಾರು. ಸಮತಟ್ಟು ನೆಲದಲ್ಲಿ ಸಾಲಾಗಿ ನಿಲ್ಲಿಸಿದರೆ ಹಿಂದಿನವರಿಗೆ ಕಾಣುವುದು ಮುಂದಿನ ಕಾರಿನ ಟಾಪು ಮಾತ್ರ. ಮುಂದಿನ ಚಕ್ರಗಳ ಕೆಳಗೆ ದಿಮ್ಮಿ ಕೊಟ್ಟು ಮೂತಿ ಎತ್ತಿದಾಗ ನೋಟ ಮೇಲಕ್ಕೆ ಹೋಯಿತು. ಆದರೆ ಎತ್ತರ ಹೆಚ್ಚಾದರೆ ಪರದೆಯ ಕೆಳಭಾಗವನ್ನು ಸ್ವಂತ ಬಾನೆಟ್ಟೇ ಮರೆಮಾಡುತ್ತದೆ. ಕಡಿಮೆಯಾದರೆ ಹಿಂದಿನ ಸೀಟಿನವರಿಗೆ ಪರದೆಯ ಮೇಲ್ಭಾಗ ಕಾಣದು. ಹಾಗಾಗಿ ಪ್ರತಿ ಸಾಲಿಗೂ ಇಳಿಜಾರು ದಿಬ್ಬ ಕೊಟ್ಟು, ಸಾಲುಗಳನ್ನು ಪರದೆಯ ಸುತ್ತ ಕಮಾನಿನಂತೆ ಬಾಗಿಸಿದರು. ಚಾಲಕ ಕಾರನ್ನು ಒಂದಿಷ್ಟು ಮುಂದೆ-ಹಿಂದೆ ಸರಿಸಿ ಕೋನ ಹೊಂದಿಸಿಕೊಳ್ಳಬಹುದಿತ್ತು. ಸಾಲುಗಳ ನಡುವೆ ಒಬ್ಬರಿಗೆ ಅಡ್ಡಿಯಾಗದಂತೆ ಇನ್ನೊಬ್ಬರು ಬಂದುಹೋಗುವಷ್ಟು ದಾರಿಯೂ ಇತ್ತು. 1933ರ ಮೇ 16ರಂದು ಸಿಕ್ಕ 1,909,537ನೇ ಪೇಟೆಂಟಿನ ತಿರುಳು ಈ ನೆಲದ ವಿನ್ಯಾಸವೇ.

ಕಣ್ಣಿನ ಸಮಸ್ಯೆ ಹೀಗೆ ಬಗೆಹರಿಯಿತು, ಕಿವಿಯದು ಬಗೆಹರಿಯಲಿಲ್ಲ. ಶಬ್ದದ ಏರ್ಪಾಡು ಮಾಡಿದ್ದು ಕ್ಯಾಮ್ಡನ್‌ನ ಗ್ರಾಮಫೋನ್-ರೇಡಿಯೊ ಕಂಪನಿ ಆರ್‌ಸಿಎ ವಿಕ್ಟರ್. ನದಿ ದಡದ ವಿಕ್ಟರ್ ಕಟ್ಟಡ ಈಗ ವಸತಿ ಸಮುಚ್ಚಯ. ಗೋಪುರದ ಬಣ್ಣದ ಗಾಜಿನಲ್ಲಿ ಗ್ರಾಮಫೋನಿಗೆ ಕಿವಿಗೊಟ್ಟ ನಾಯಿ ಇನ್ನೂ ಇದೆ. ಎಚ್‌ಎಂವಿ ತಟ್ಟೆಗಳ ಮೇಲೆ ನಮ್ಮ ಮನೆಗಳಿಗೆ ಬಂದ ಅದೇ ನಾಯಿ. ದೊಡ್ಡ ಧ್ವನಿವರ್ಧಕಗಳನ್ನು ಪರದೆಯ ಬಳಿ ಹಾಕಿದ್ದರಿಂದ ಮುಂದಿನ ಸಾಲಿಗೆ ಕಿವಿಗಡಚಿಕ್ಕುವ ಸದ್ದು, ಹಿಂದಿನ ಸಾಲಿಗೆ ಕ್ಷೀಣ ಸ್ವರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 120 ಮೀಟರ್ ದೂರದಲ್ಲಿ ಕೂತವರಿಗೆ ತುಟಿ ಅಲುಗಿ ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ ಕಳೆದ ಮೇಲೆ ಮಾತು ಕೇಳುತ್ತದೆ. ಹಿಂದಿನವರಿಗಾಗಿ ವಾಲ್ಯೂಮ್ ಏರಿಸಿದರೆ ಸುತ್ತಲ ಊರಿಗೂ ಸಂಭಾಷಣೆ ಕೇಳುತ್ತದೆ. ಪ್ರತಿ ಕಾರಿಗೂ ಒಂದು ಪುಟ್ಟ ಸ್ಪೀಕರ್ ಕೊಡುವ ಉಪಾಯವನ್ನು ಆರ್‌ಸಿಎ ತಂದದ್ದು 1941ರಲ್ಲಿ, ಈ ಥಿಯೇಟರ್ ಮುಚ್ಚಿ ವರ್ಷಗಳೇ ಕಳೆದ ಮೇಲೆ.

ಚಿತ್ರಗಳ ಬಾಡಿಗೆಯೂ ಹೊರೆಯಾಯಿತು. ದೊಡ್ಡ ಸ್ಟುಡಿಯೊಗಳಿಗೆ ಸ್ವಂತ ಚಿತ್ರಮಂದಿರಗಳಿದ್ದ ಕಾಲವದು. ಹೊಸ ಚಿತ್ರಗಳು ಅಲ್ಲಿಗೇ ಹೋಗುತ್ತಿದ್ದವು, ಮೈದಾನಕ್ಕೆ ಸಿಕ್ಕಿದ್ದು ಓಡಿ ಹಳತಾದವು. ಬೇಸಿಗೆಯಲ್ಲಿ ಕತ್ತಲಾಗುವುದು ತಡವಾಗಿ, ಚಳಿಗಾಲದಲ್ಲಿ ಕಾರಿನೊಳಗೆ ಕೂರಲಾಗದು. ಮೂರು ವರ್ಷಕ್ಕೆ ಇಲ್ಲಿನ ಆಟ ಮುಗಿಯಿತು. ಪೇಟೆಂಟೂ ಕೊನೆಗೆ ಕೈಬಿಟ್ಟಿತು: ರಂಗಮಂದಿರದ ಬಾಗಿದ ಆಸನಸಾಲುಗಳನ್ನು ಕಾರಿಗೆ ಹೊಂದಿಸಿದ್ದು ಆವಿಷ್ಕಾರವಲ್ಲವೆಂದು 1949ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಮೂತಿ ಎತ್ತುವ ಕೋನಕ್ಕಾಗಿ ಪಟ್ಟ ಪಾಡನ್ನು ನೆನೆದರೆ ಇದು ಕಠಿಣ ತೀರ್ಪು ಅನಿಸುತ್ತದೆ.

ಆ ವಿನ್ಯಾಸ ಕೆಲಸ ಮಾಡುವುದನ್ನು ಕಾಣಲು ಪೆನ್ಸಿಲ್ವೇನಿಯಾಕ್ಕೆ ಹೋಗಬೇಕು. ಆಲೆನ್‌ಟೌನ್ ಬಳಿಯ ಓರ್‌ಫೀಲ್ಡ್‌ನಲ್ಲಿ, 309ನೇ ಮಾರ್ಗದ ಪಕ್ಕದಲ್ಲಿರುವ ಶಾಂಕ್‌ವೈಲರ್ಸ್ ಡ್ರೈವ್-ಇನ್ ಶುರುವಾದದ್ದು 1934ರಲ್ಲಿ. ಇಂದಿಗೂ ನಡೆಯುತ್ತಿರುವ ಡ್ರೈವ್-ಇನ್‌ಗಳಲ್ಲಿ ಅತ್ಯಂತ ಹಳೆಯದು ಇದೇ. 1955ರ ಡಯೇನ್ ಚಂಡಮಾರುತದಲ್ಲಿ ಪರದೆ ಹಾಳಾಯಿತು, ಮತ್ತೆ ಕಟ್ಟಿದರು. 1986ರಿಂದ ಎಫ್‌ಎಂ ರೇಡಿಯೊದಲ್ಲಿ ಧ್ವನಿ ಬರುತ್ತದೆ. ಕೊನೆಯ ಸಾಲಿನಲ್ಲೂ ಮಾತು ತುಟಿಗೆ ಸರಿಯಾಗಿ ಕೂರುತ್ತದೆ.

ಕ್ಯಾಮ್ಡನ್‌ನಿಂದ ಅಲ್ಲಿಗೆ ಸುಮಾರು 100 ಕಿ.ಮೀ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ಎಂಟೂವರೆ ದಾಟಿ. ಎರಡು ಚಿತ್ರ ನೋಡಿದರೆ ಮಧ್ಯರಾತ್ರಿ ಮೀರುವುದರಿಂದ ಆಲೆನ್‌ಟೌನ್‌ನಲ್ಲೇ ತಂಗುವುದು ಮೇಲು. ಈಗಿನ ಕಾರುಗಳಲ್ಲಿ ಹೆಡ್‌ಲೈಟ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಅದನ್ನು ಆರಿಸುವ ಬಗೆ ಮೊದಲೇ ತಿಳಿದಿರಲಿ. ಎಂಜಿನ್ ನಿಲ್ಲಿಸಿ ಗಂಟೆಗಟ್ಟಲೆ ರೇಡಿಯೊ ಹಾಕಿದರೆ ಹಳೆಯ ಬ್ಯಾಟರಿ ಇಳಿದುಹೋಗುತ್ತದೆ. ಸೆಲ್ ಹಾಕುವ ಪುಟ್ಟ ಎಫ್‌ಎಂ ರೇಡಿಯೊ ಜೊತೆಗಿಟ್ಟುಕೊಳ್ಳಿ, ಗಾಜಿನ ಒಳಮೈಗೆ ಮಂಜು ಕಟ್ಟಿದಾಗ ಒರೆಸಲು ಒಣಬಟ್ಟೆಯನ್ನೂ.