ಸಮಿತ್ ಹೊಡೆದ 22 ರನ್ ಯಾಕೆ ಸುದ್ದಿಯಾಯಿತು?

ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ಮೊದಲು ಕೇಳುವುದು, ‘ನೀವು ಪೇಪರ್‌ನಲ್ಲಿ ಸ್ಪೋರ್ಟ್ಸ್ ಪೇಜ್ ಮಾಡ್ತಿದ್ರಂತಲ್ಲ?’ ಹೌದು ಅನ್ನುತ್ತೇನೆ. ಸಾರು ಬರುವಷ್ಟರಲ್ಲಿ ಎರಡನೇ ಪ್ರಶ್ನೆ. ‘ಅಲ್ಲ ಸಾರ್, ಯಾವಾಗ ನೋಡಿದ್ರೂ ದ್ರಾವಿಡ್ ಮಗ, ತೆಂಡೂಲ್ಕರ್ ಮಗ. ಬೇರೆ ಹುಡುಗರು ಆಡೋದೇ ಇಲ್ವಾ?’ ಹೋಳಿಗೆ ಹೊತ್ತಿಗೆ ಮೂರನೆಯದು, ಸ್ವಲ್ಪ ದನಿ ತಗ್ಗಿಸಿ. ‘ಅವರೇ ಹೇಳಿ ಹಾಕಿಸ್ತಾರಾ?’

ಮೂರನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ. ಹನ್ನೊಂದು ವರ್ಷ ನಾನು ಒಂದು ಕನ್ನಡ ಪತ್ರಿಕೆಯ ಕ್ರೀಡಾ ಡೆಸ್ಕ್‌ನಲ್ಲಿ ಕೂತಿದ್ದೆ. ಯಾವ ದೊಡ್ಡ ಆಟಗಾರನೂ ಮಗನ ಸುದ್ದಿ ಹಾಕಿ ಅಂತ ನನಗೆ ಫೋನ್ ಮಾಡಿಲ್ಲ. ದ್ರಾವಿಡ್ ವಿಷಯಕ್ಕೆ ಬಂದರೆ, ಮಗನಿಗೆ ತಾನು ಕೋಚಿಂಗ್ ಮಾಡುವುದಿಲ್ಲ, ಅಪ್ಪ ಮತ್ತು ಕೋಚ್ ಎರಡೂ ಆಗುವುದು ಕಷ್ಟ ಅಂತ ಅವರೇ ಹೇಳಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಮೈಸೂರಿನಲ್ಲಿ ದೊಡ್ಡ ಮಗ ಸಮಿತ್ ಆಡುತ್ತಿದ್ದಾಗ ಹೆಂಡತಿ ವಿಜೇತಾ ಜತೆ ಬಂದು ಮೈದಾನದ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದರು. ಆಗ ಅವರು ಭಾರತ ತಂಡದ ಕೋಚ್. ಆ ಮೆಟ್ಟಿಲ ಫೋಟೊನೇ ದೇಶ ಪೂರ್ತಿ ಓಡಾಡಿತು. ಪಾಪ, ಇನ್ನೆಲ್ಲಿ ಕೂರಬೇಕಿತ್ತು ಅವರು?

ಈಗ ಎರಡನೇ ಪ್ರಶ್ನೆ. ನನ್ನ ಉತ್ತರ ಕೇಳಿದವರಿಗೆ ತುಸು ಸಪ್ಪೆ ಅನ್ನಿಸುತ್ತದೆ. ನಾವು ಮ್ಯಾಚಿಗೆ ಹೋಗುವುದಿಲ್ಲ, ಅದಕ್ಕೆ.

ಹದಿನಾಲ್ಕರ ಒಳಗಿನವರು, ಹದಿನಾರರ ಒಳಗಿನವರು, ಹತ್ತೊಂಬತ್ತರ ಒಳಗಿನವರು, ಅದರ ಜತೆಗೆ ಡಿವಿಷನ್ ಲೀಗ್‌ಗಳು. ಸೀಸನ್‌ನಲ್ಲಿ ಒಂದೇ ದಿನ ಎಷ್ಟೋ ಮೈದಾನಗಳಲ್ಲಿ ಆಟ ನಡೆಯುತ್ತದೆ. ನಮ್ಮಲ್ಲಿ ಇದ್ದ ವರದಿಗಾರರು ಇಬ್ಬರು. ಒಬ್ಬರು ಹಾಕಿ, ಅಥ್ಲೆಟಿಕ್ಸ್, ಕಬಡ್ಡಿ ಎಲ್ಲವನ್ನೂ ನೋಡಿಕೊಳ್ಳಬೇಕು. ಹಾಗಾಗಿ ಕಿರಿಯರ ಕ್ರಿಕೆಟ್ ಅಂದರೆ ರಾತ್ರಿ ಎಂಟೂವರೆಗೆ ಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಬರುವ ಸ್ಕೋರ್‌ಕಾರ್ಡ್. ಇಪ್ಪತ್ತೆರಡು ಹೆಸರು. ಪಿಚ್ ಹೇಗಿತ್ತು, ಯಾರ ಕ್ಯಾಚ್ ಎರಡು ಸಲ ಬಿಟ್ಟರು, ಯಾವ ಹುಡುಗ ಕೈಗೆ ಪೆಟ್ಟು ಬಿದ್ದರೂ ನಿಂತು ಆಡಿದ, ಒಂದೂ ಗೊತ್ತಿಲ್ಲ. ಕಣ್ಣು ಹೆಸರುಗಳ ಮೇಲೆ ಜಾರಿಕೊಂಡು ಬರುತ್ತದೆ. ಒಂದು ಕಡೆ ನಿಲ್ಲುತ್ತದೆ. ದ್ರಾವಿಡ್. ಅಲ್ಲಿಗೆ ಹೆಡ್ಡಿಂಗ್ ಆಯಿತು. ಎಡಿಷನ್ ಬಿಡಲು ಮುಕ್ಕಾಲು ಗಂಟೆ ಇರುವಾಗ ಅದು ಎಂಥ ನೆಮ್ಮದಿ ಅಂತ ಡೆಸ್ಕ್‌ನಲ್ಲಿ ಕೂತವರಿಗೇ ಗೊತ್ತು.

ಅಂದ ಹಾಗೆ ಈ ‘ಪುತ್ರ’ ಅನ್ನುವ ಪದ. ನಮ್ಮ ಮನೆಗಳಲ್ಲಿ ಯಾರೂ ಮಗನನ್ನು ಪುತ್ರ ಅನ್ನುವುದಿಲ್ಲ. ಹೆಡ್ಡಿಂಗ್‌ನಲ್ಲಿ ಮಾತ್ರ ಎಲ್ಲರೂ ಪುತ್ರರೇ. ‘ದ್ರಾವಿಡ್ ಪುತ್ರ’ ಅನ್ನುವುದು ಸಿಂಗಲ್ ಕಾಲಂನಲ್ಲಿ ಸರಿಯಾಗಿ ಕೂರುತ್ತದೆ. ‘ಪ್ರಖರ್ ಚತುರ್ವೇದಿ’ ಅನ್ನುವ ಹುಡುಗನ ಹೆಸರು ಕೂರುವುದಿಲ್ಲ. ಅವನ ಕಥೆ ಮುಂದೆ ಬರುತ್ತದೆ.

ಒಂದು ಹಳೆಯ ಉದಾಹರಣೆ. 2018ರ ಜನವರಿ, ಬೆಂಗಳೂರಿನ ಬಿಟಿಆರ್ ಕಪ್, 14 ವರ್ಷದೊಳಗಿನವರ ಶಾಲಾ ಮ್ಯಾಚ್. ಹನ್ನೆರಡು ವರ್ಷದ ಸಮಿತ್ 150 ಹೊಡೆದ. ಶಾಲೆ 412 ರನ್‌ಗಳಿಂದ ಗೆದ್ದಿತು. ದೇಶದ ಮೂಲೆ ಮೂಲೆಯ ಪತ್ರಿಕೆಗಳಲ್ಲಿ ಬಂತು. ಅದೇ ಇನಿಂಗ್ಸ್‌ನಲ್ಲಿ, ಅದೇ ತಂಡದಲ್ಲಿ ಇನ್ನೊಬ್ಬ ಹುಡುಗ 154 ಹೊಡೆದಿದ್ದ. ನಾಲ್ಕು ರನ್ ಜಾಸ್ತಿ! ತಮಾಷೆ ಏನು ಗೊತ್ತಾ, ಅವನೂ ಟೆಸ್ಟ್ ಆಟಗಾರನ ಮಗನೇ. ಸುನಿಲ್ ಜೋಶಿಯವರ ಮಗ. ಗದಗದಿಂದ ಹುಬ್ಬಳ್ಳಿಗೆ ಓಡಾಡಿ ಕ್ರಿಕೆಟ್ ಕಲಿತು, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್‌ಗಳಲ್ಲಿ 6 ರನ್ ಕೊಟ್ಟು 5 ವಿಕೆಟ್ ಕಿತ್ತ ಜೋಶಿ. ಅವರ ಮಗನ 154 ಹೆಚ್ಚಿನ ಕಡೆ ಎರಡನೇ ಪ್ಯಾರಾಕ್ಕೆ ಹೋಯಿತು. ಪುತ್ರರಲ್ಲೂ ಸೀನಿಯಾರಿಟಿ ಇದೆ.

ಇನ್ನು ಶಿವಮೊಗ್ಗದ ಕಥೆ. 2024ರ ಜನವರಿಯಲ್ಲಿ ಅಲ್ಲಿ 19 ವರ್ಷದೊಳಗಿನವರ ರಾಷ್ಟ್ರೀಯ ಟೂರ್ನಿ ಕೂಚ್ ಬೆಹಾರ್ ಟ್ರೋಫಿಯ ಫೈನಲ್, ಕರ್ನಾಟಕ ಮತ್ತು ಮುಂಬೈ ನಡುವೆ. ಕರ್ನಾಟಕದ ಪ್ರಖರ್ ಚತುರ್ವೇದಿ ಒಬ್ಬನೇ ಅಜೇಯ 404 ಹೊಡೆದ. ಆ ಟ್ರೋಫಿಯ ಫೈನಲ್‌ನಲ್ಲಿ 400 ದಾಟಿದ ಮೊದಲಿಗ. ಅಲ್ಲಿವರೆಗೆ ದೊಡ್ಡ ಸ್ಕೋರು ಯುವರಾಜ್ ಸಿಂಗ್ 1999ರಲ್ಲಿ ಹೊಡೆದ 358. 404 ಅಂದಮೇಲೆ ಯಾವ ಡೆಸ್ಕ್ ಕೂಡ ಕಣ್ಣು ಮುಚ್ಚಿ ಕೂರಲು ಆಗುವುದಿಲ್ಲ. ಎಲ್ಲರೂ ಬರೆದರು. ಆದರೆ ಅದೇ ವರದಿಗಳಲ್ಲಿ ಕೆಳಗೆ ನೋಡಿ. ಅದೇ ಇನಿಂಗ್ಸ್‌ನಲ್ಲಿ ಸಮಿತ್ ಹೊಡೆದ 22 ರನ್ ಕೂಡ ತಪ್ಪದೆ ಬಂದಿದೆ. ಹರ್ಷಿಲ್ ಧರ್ಮಾನಿ ಅನ್ನುವವನು ಅದರಲ್ಲಿ 169 ಹೊಡೆದಿದ್ದ. ಅವನ ಹೆಸರು ನಿಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

ಮದುವೆ ಮನೆಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಹತ್ತಿರ ಇಲ್ಲ. ಒಂದೇ ಮ್ಯಾಚಿನಲ್ಲಿ ಒಬ್ಬನಿಗೆ 22 ಸಾಕಾಯಿತು, ಇನ್ನೊಬ್ಬನಿಗೆ 404 ಬೇಕಾಯಿತು, ಮೂರನೆಯವನಿಗೆ 169 ಸಾಲಲಿಲ್ಲ.

ನಾನೂ ಇದನ್ನೇ ಮಾಡಿದ್ದೇನೆ. ಒಮ್ಮೆ ಒಂದು ಕಿರಿಯರ ಮ್ಯಾಚ್‌ಗೆ ಮಾಜಿ ಆಟಗಾರರೊಬ್ಬರ ಮಗನ ನಲವತ್ತು ಚಿಲ್ಲರೆ ರನ್ ಹಿಡಿದು ಹೆಡ್ಡಿಂಗ್ ಮಾಡಿದೆ. ಮರುದಿನ ಮಧ್ಯಾಹ್ನ ಒಬ್ಬರು ಫೋನ್ ಮಾಡಿದರು. ಸಣ್ಣ ಊರು, ಹಾರ್ಡ್‌ವೇರ್ ಅಂಗಡಿ. ‘ಸರ್, ನಮ್ಮ ಹುಡುಗ ಐದು ವಿಕೆಟ್ ತಗೊಂಡಿದ್ದ. ಹೆಸರು ಕೆಳಗೆ ಸಂಕ್ಷಿಪ್ತ ಸ್ಕೋರಿನಲ್ಲಿ ಬಂದದ. ಇರಲಿ ಬಿಡ್ರಿ. ಆದ್ರ ಹೆಸರರ ಸರಿಯಾಗಿ ಹಾಕಬೇಕಿತ್ತಲ್ರಿ.’ ಇಂಗ್ಲಿಷ್ ಸ್ಕೋರ್‌ಕಾರ್ಡ್ ನೋಡಿ ಬರೆದಿದ್ದೆ. ಒಂದು ದೀರ್ಘ ತಪ್ಪಿ ಆ ಹುಡುಗ ಬೇರೆ ಯಾರೋ ಆಗಿದ್ದ. ಅವರು ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲವೇನೋ.

‘ಜನ ಓದ್ತಾರೆ, ಅದಕ್ಕೇ ಹಾಕ್ತೀವಿ’ ಅನ್ನುವುದು ನಮ್ಮ ಕಡೆಯವರ ಮಾಮೂಲಿ ಸಮಜಾಯಿಷಿ. ವೆಬ್‌ಸೈಟ್ ಬಂದ ಮೇಲೆ ಅದಕ್ಕೆ ಲೆಕ್ಕವೂ ಸಿಗುತ್ತದೆ. ಯಾವ ಸುದ್ದಿಗೆ ಎಷ್ಟು ಕ್ಲಿಕ್ ಅಂತ ಪರದೆ ಮೇಲೆ ಓಡುತ್ತಿರುತ್ತದೆ. ಅದು ಅರ್ಧ ನಿಜ. ಓದುವಂತೆ ಬರೆದ ಇನ್ನೊಂದು ಸುದ್ದಿ ಪಕ್ಕದಲ್ಲೇ ಇದ್ದು ಜನ ಅದನ್ನು ಬಿಟ್ಟು ಇದನ್ನು ಓದಿದ್ದರೆ ಆ ಮಾತು ಒಪ್ಪಬಹುದಿತ್ತು. ಪಕ್ಕದಲ್ಲಿ ನಾವು ಇಟ್ಟಿದ್ದು ಸಂಕ್ಷಿಪ್ತ ಸ್ಕೋರು.

ಇದೆಲ್ಲ ಬೇರೆ ಹುಡುಗರಿಗೆ ಆದ ನಷ್ಟ. ಹೆಸರಿರುವ ಹುಡುಗನಿಗೆ ಲಾಭವೇ ತಾನೆ ಅಂತ ಕೇಳುತ್ತಾರೆ. ಒಂದು ಮಟ್ಟಿಗೆ ಹೌದು. ಒಳ್ಳೆಯ ನೆಟ್ಸ್, ಒಳ್ಳೆಯ ಬ್ಯಾಟು, ಮನೆಯಲ್ಲೇ ಆಟದ ಮಾತು, ಇವೆಲ್ಲ ಹಾರ್ಡ್‌ವೇರ್ ಅಂಗಡಿಯ ಮಗನಿಗೆ ಇಲ್ಲ. ಅದನ್ನು ಯಾಕೆ ಮುಚ್ಚಿಡಬೇಕು. ಆದರೆ ಸುದ್ದಿಯ ವಿಷಯದಲ್ಲಿ ನನಗೆ ಯಾವಾಗಲೂ ನೆನಪಾಗುವುದು ಸ್ಟುವರ್ಟ್ ಬಿನ್ನಿ.

ಅಪ್ಪ ರೋಜರ್ ಬಿನ್ನಿ 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ತೆಗೆದವರು, ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು. 2012ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಗೆ ಬಂದರು. ಮಗ ಭಾರತ ತಂಡಕ್ಕೆ ಬಂದಿದ್ದು ಅಪ್ಪ ಆ ಸಮಿತಿಯಲ್ಲಿದ್ದಾಗಲೇ. ಮಗನ ಹೆಸರು ಚರ್ಚೆಗೆ ಬಂದಾಗ ರೋಜರ್ ಎದ್ದು ಹೊರಗೆ ಹೋಗುತ್ತಿದ್ದರು. ಅದನ್ನು ಯಾರು ಕೇಳುತ್ತಾರೆ? ಅನುಮಾನ ಪಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಅಪ್ಪ ಸಮಿತಿಯಲ್ಲಿದ್ದಾಗ ಪ್ರಶ್ನೆ ಕೇಳಬೇಕಾದದ್ದೇ. ಆದರೆ ಉತ್ತರ ಮೈದಾನದಲ್ಲಿ ಬಂದಾಗ ನಾವು ಬರೆದುಕೊಳ್ಳಲಿಲ್ಲ. 2014ರ ಜೂನ್ 17, ಢಾಕಾ. ಭಾರತ 105ಕ್ಕೆ ಆಲೌಟ್. ಇನ್ನೇನು ಮಾನ ಹೋಯಿತು ಅನ್ನುವಾಗ ಸ್ಟುವರ್ಟ್ 4 ರನ್ ಕೊಟ್ಟು 6 ವಿಕೆಟ್ ತೆಗೆದ. ಬಾಂಗ್ಲಾದೇಶ 58ಕ್ಕೆ ಮುಗಿಯಿತು. ಏಕದಿನ ಕ್ರಿಕೆಟ್‌ನಲ್ಲಿ ಭಾರತದ ಪರ ಅತ್ಯುತ್ತಮ ಬೌಲಿಂಗ್ ಅದು. ಅಲ್ಲಿವರೆಗೆ ಆ ದಾಖಲೆ ಅನಿಲ್ ಕುಂಬ್ಳೆಯವರದು, 1993ರ ಹೀರೊ ಕಪ್ ಫೈನಲ್‌ನಲ್ಲಿ 12ಕ್ಕೆ 6. ಬೆಂಗಳೂರಿನವರಿಂದ ಬೆಂಗಳೂರಿನವನಿಗೇ ಹೋಯಿತು. ಮುಂದಿನ ತಿಂಗಳೇ ನಾಟಿಂಗ್‌ಹ್ಯಾಂನಲ್ಲಿ ಮೊದಲ ಟೆಸ್ಟ್ ಆಡಿ, ಎರಡನೇ ಇನಿಂಗ್ಸ್‌ನಲ್ಲಿ 78 ಹೊಡೆದು ಮ್ಯಾಚ್ ಉಳಿಸಲು ನೆರವಾದ.

ನೀವು ಈಗ ಯಾರನ್ನಾದರೂ ಸ್ಟುವರ್ಟ್ ಬಿನ್ನಿ ಅಂತ ಕೇಳಿ ನೋಡಿ. ಆ 6 ವಿಕೆಟ್‌ಗಿಂತ ಮೊದಲು ನೆನಪಾಗುವುದು 32 ರನ್. 2016ರ ಆಗಸ್ಟ್‌ನಲ್ಲಿ ಫ್ಲಾರಿಡಾದಲ್ಲಿ ವೆಸ್ಟ್ ಇಂಡೀಸ್‌ನ ಎವಿನ್ ಲೂಯಿಸ್ ಅವನ ಒಂದೇ ಓವರ್‌ನಲ್ಲಿ ಐದು ಸಿಕ್ಸರ್ ಬಾರಿಸಿದ್ದು; ಆ ಓವರ್‌ಗೆ ಒಟ್ಟು 32 ಹೋಯಿತು. ಆ ರಾತ್ರಿ ಸೋಷಿಯಲ್ ಮೀಡಿಯಾದಲ್ಲಿ ಜನ ಅವನನ್ನು ಬಿಟ್ಟು ಅವನ ಹೆಂಡತಿಯನ್ನು ಹಿಡಿದುಕೊಂಡರು. ಮಯಂತಿ ಲ್ಯಾಂಗರ್ ಟಿವಿಯಲ್ಲಿ ಕ್ರೀಡಾ ಕಾರ್ಯಕ್ರಮ ನಡೆಸುವವರು, ತಮ್ಮ ಕೆಲಸದಿಂದಲೇ ಹೆಸರು ಮಾಡಿದವರು. ಆಡಿದವನು ಗಂಡ, ಬೈಗುಳ ಹೆಂಡತಿಗೆ. ಆರು ಟೆಸ್ಟ್, 14 ಏಕದಿನ, ಮೂರು ಟಿ20 ಆಡಿ 2021ರಲ್ಲಿ ಅವನು ನಿವೃತ್ತನಾದ. ಸುದ್ದಿಯಲ್ಲಿ ಒಂದೋ ಅಪ್ಪನ ಮಗ, ಇಲ್ಲವೇ ಹೆಂಡತಿಯ ಗಂಡ. 4ಕ್ಕೆ 6 ಇವತ್ತಿಗೂ ಯಾರೂ ಮುರಿದಿಲ್ಲ.

ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಮಹಾನ್ ಬ್ಯಾಟ್ಸ್‌ಮನ್ ಡಾನ್ ಬ್ರಾಡ್ಮನ್ ಅವರ ಮಗ ಜಾನ್ 1972ರಲ್ಲಿ ತಮ್ಮ ಸರ್‌ನೇಮನ್ನೇ ಬ್ರಾಡ್ಸನ್ ಅಂತ ಬದಲಿಸಿಕೊಂಡಿದ್ದರು. ಕ್ರಿಕೆಟ್ ಆಡದೆ ಕಾನೂನು ಪಾಠ ಮಾಡುತ್ತಿದ್ದವರಿಗೇ ಆ ಗತಿ. ಎಷ್ಟೋ ವರ್ಷ ಆದ ಮೇಲೆ ಹಳೆಯ ಹೆಸರಿಗೆ ಮರಳಿದರು.

ಸಮಿತ್‌ಗೆ 2024ರಲ್ಲಿ ಆಗಿದ್ದೂ ಹೆಚ್ಚುಕಡಿಮೆ ಇದೇ. ಕರ್ನಾಟಕದ ಟಿ20 ಲೀಗ್ ಮಹಾರಾಜ ಟ್ರೋಫಿಯಲ್ಲಿ ಮೈಸೂರು ವಾರಿಯರ್ಸ್ ಅವನನ್ನು 50 ಸಾವಿರ ರೂಪಾಯಿಗೆ ತೆಗೆದುಕೊಂಡಿತು. ಅದೇ ಒಂದು ಸುದ್ದಿ. ಏಳು ಇನಿಂಗ್ಸ್‌ನಲ್ಲಿ 82 ರನ್ ಬಂತು. ಆಡಿದ ಒಂದೊಂದು ಹೊಡೆತದ ವಿಡಿಯೊ, ಔಟಾದ ಒಂದೊಂದು ಸಲದ ವಿಡಿಯೊ, ಎಲ್ಲ ಕಡೆ. ಆಗಸ್ಟ್ 31ಕ್ಕೆ 19 ವರ್ಷದೊಳಗಿನವರ ಭಾರತ ತಂಡಕ್ಕೆ ಆಯ್ಕೆಯಾದಾಗ ಜನ ಮುಗಿಬಿದ್ದರು. 82 ರನ್ ಹೊಡೆದವನಿಗೆ ಜಾಗವಾ ಅಂತ. ಹಿಂದಿನ ಸೀಸನ್‌ನ ಕೂಚ್ ಬೆಹಾರ್‌ನಲ್ಲಿ ಎಂಟು ಮ್ಯಾಚ್ ಆಡಿ 362 ರನ್, 16 ವಿಕೆಟ್ ತೆಗೆದಿದ್ದನ್ನು ಮೊದಲ ಪ್ಯಾರಾದಲ್ಲಿ ಬರೆದಿದ್ದರೆ ಆ ಜಗಳದ ಅರ್ಧ ಇರುತ್ತಿರಲಿಲ್ಲ. ಆಮೇಲೆ ಮಂಡಿ ನೋವಾಗಿ ಆ ಸರಣಿ ಆಡಲೇ ಇಲ್ಲ. ಅದೂ ದೊಡ್ಡ ಸುದ್ದಿ!

ಹಾಗಾದರೆ ಅಪ್ಪ-ಮಗನ ಸುದ್ದಿ ಹಾಕಲೇಬಾರದಾ? ಹಾಗಲ್ಲ. 2025ರ ಫೆಬ್ರುವರಿಯಲ್ಲಿ 52 ವರ್ಷದ ರಾಹುಲ್ ದ್ರಾವಿಡ್ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮೂರನೇ ಡಿವಿಷನ್ ಲೀಗ್‌ನಲ್ಲಿ ಪ್ಯಾಡ್ ಕಟ್ಟಿದರು. ವಿಜಯ ಕ್ರಿಕೆಟ್ ಕ್ಲಬ್ ತಂಡ, ಚಿಕ್ಕ ಮಗ ಅನ್ವಯ್ ಜತೆಗೆ. ಮಗ 58, ಅಪ್ಪ 10. ಆಮೇಲಿನ ಮ್ಯಾಚಿನಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡು, ಊರುಗೋಲು ಹಿಡಿದೇ ರಾಜಸ್ಥಾನ ರಾಯಲ್ಸ್ ಕ್ಯಾಂಪಿಗೆ ಹೋದರು. ಇದನ್ನು ನಾನಾಗಿದ್ದರೆ ಮೊದಲ ಪುಟಕ್ಕೇ ಕೇಳುತ್ತಿದ್ದೆ. ಅಪ್ಪನೂ ಮಗನೂ ನಿಜವಾಗಿ ಒಂದೇ ಅಂಗಳದಲ್ಲಿ ಇದ್ದಾರೆ, ಇನ್ನೇನು ಬೇಕು? 2024ರ ಅಕ್ಟೋಬರ್‌ನಲ್ಲಿ ಲೆಬ್ರಾನ್ ಜೇಮ್ಸ್ ಮತ್ತು ಮಗ ಬ್ರಾನಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಟ್ಟಿಗೆ ಆಡಿದ ಮೊದಲ ಅಪ್ಪ-ಮಗ ಆದಾಗಲೂ ಅದು ಸುದ್ದಿಯೇ. ಅಪ್ಪ ಮನೆಯಲ್ಲಿ ಕಾಫಿ ಕುಡಿಯುತ್ತಿರುವಾಗ ಮಗನ ಹೆಡ್ಡಿಂಗ್‌ಗೆ ಅವರನ್ನು ಎಳೆದು ತರುವುದಷ್ಟೇ ನನ್ನ ತಕರಾರು.

ಹೆಸರು ತಿರುಗಿಯೂ ಹರಿಯುತ್ತದೆ. ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದಾಗ ಈ ದೇಶದಲ್ಲಿ ಇನ್ಯಾರೂ ಅದನ್ನು ಗೆದ್ದಿರಲಿಲ್ಲ. ಒಮ್ಮೆ ನಮ್ಮ ಡೆಸ್ಕ್‌ಗೆ ಹೊಸದಾಗಿ ಬಂದ ಹುಡುಗ ಅವರ ಸುದ್ದಿಗೆ ‘ದೀಪಿಕಾ ತಂದೆ’ ಅಂತ ಹೆಡ್ಡಿಂಗ್ ಕೊಟ್ಟ. ಬೈಯಬೇಕು ಅಂದುಕೊಂಡೆ. ಕಾಲಂಗೆ ಸರಿಯಾಗಿ ಕೂತಿತ್ತು.

ಇಷ್ಟೆಲ್ಲ ಉತ್ತರವನ್ನು ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಿ ಒಬ್ಬರಿಗೆ ಪೂರ್ತಿ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು. ಸರಿ ಸಾರ್, ನೀವು ಹೇಳೋದು ಸರಿ ಅಂದರು. ಕೈ ತೊಳೆಯಲು ಎದ್ದಾಗ ಕೇಳಿದರು. ‘ಅಂದ ಹಾಗೆ ಆ ಚಿಕ್ಕವನು ಹೇಗೆ? ಕೀಪರ್ ಅಂತೆ, ಹೌದಾ?’

ಹೌದು ಅಂದೆ. ಬ್ಯಾಟಿಂಗ್ ಕೂಡ ಚೆನ್ನಾಗಿ ಮಾಡ್ತಾನೆ, ಕರ್ನಾಟಕದ 19 ವರ್ಷದೊಳಗಿನವರ ತಂಡಕ್ಕೆ ಕ್ಯಾಪ್ಟನ್ ಆಗಿದ್ದ ಅಂದೆ. ನಲ್ಲಿ ಹತ್ತಿರ ನಿಂತು ಹದಿನೈದು ನಿಮಿಷ ಅದೇ ಮಾತು.